ಎರಡನೇ ಬೆಕ್ಕಿನ ನಕ್ಷೆ

ಮನುಷ್ಯನ ಮನಸ್ಸಿನಲ್ಲಿ ನಡೆಯುವ ಮಹಾಯುದ್ಧಗಳ ಸುದ್ದಿ ಮೊದಲು ಅವನ ಹಣೆಗೆ ಬಂದು ಮುಟ್ಟುತ್ತದೆ. ಇದು ಗಂಭೀರವಾದ ಮಾತು. ಆದರೆ ನಾನಿದನ್ನು ಕಂಡುಕೊಂಡದ್ದು ಒಂದು ಬೆಕ್ಕಿನ ದೆಸೆಯಿಂದ, ಅದೂ ನನ್ನದಲ್ಲದ ಬೆಕ್ಕು.

ನಮ್ಮ ಮನೆ ಓನರ ಹಣೆ ಬಹಳ ಅಗಲ. ಬೆಳಗಿನ ಪೂಜೆ ಮುಗಿಸಿ ಅವರು ಹೊರಗೆ ಬರುವಾಗ ಅದರ ಮೇಲೆ ವಿಭೂತಿಯ ಮೂರು ಗೆರೆಗಳು ಸ್ಕೇಲಿಟ್ಟು ಎಳೆದಂತೆ ಇರುತ್ತಿದ್ದವು. ಇದರಲ್ಲಿ ಆಶ್ಚರ್ಯವೇನಿಲ್ಲ. ಅವರು ನೀರಾವರಿ ಇಲಾಖೆಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದು ನಿವೃತ್ತರಾದವರು. ಗಾಜನೂರಿನ ಕಡೆಯ ಕಾಲುವೆಗಳು ನೆಲದ ಮೇಲೆ ಅಂಕುಡೊಂಕಾಗಿದ್ದರೂ ತಮ್ಮ ಕಾಗದದ ಮೇಲೆ ನೆಟ್ಟಗಿದ್ದವು ಎಂದು ಹೇಳಿಕೊಳ್ಳುತ್ತಿದ್ದರು. ಚಿಂತೆ ಹತ್ತಿದಾಗ ಅವರ ಹುಬ್ಬುಗಳ ಮೇಲಿನ ಚರ್ಮ ಗಂಟಾಗುತ್ತಿತ್ತು. ಆಗ ಮೂರರಲ್ಲಿ ನಡುವಿನ ಗೆರೆ ಮೊದಲು ಬಿರುಕು ಬಿಡುತ್ತಿತ್ತು, ಪುಡಿ ಮೂಗಿನ ಮೇಲೆ ಉದುರುತ್ತಿತ್ತು. ನಲ್ಲಿಯಲ್ಲಿ ನೀರು ಬಾರದ ದಿನ ನಾವು ಮಹಡಿಯ ಮೇಲಿನಿಂದ ಆ ಗೆರೆಯನ್ನು ನೋಡಿಯೇ ಕೊಡ ತುಂಬಿಟ್ಟುಕೊಳ್ಳುತ್ತಿದ್ದೆವು.

ಮಹಡಿಯಲ್ಲಿ ನಾನು ಮತ್ತು ನನ್ನ ಹೆಂಡತಿ ಬಾಡಿಗೆಗಿದ್ದೇವೆ. ಕೆಳಗೆ ಓನರು ಮತ್ತು ಅವರ ಅಕ್ಕ ಇದ್ದರು. ಅಕ್ಕ ಗಂಡನನ್ನು ಕಳೆದುಕೊಂಡು ಚಿಕ್ಕ ವಯಸ್ಸಿನಲ್ಲೇ ತಮ್ಮನ ಮನೆಗೆ ಬಂದವರು. ಓನರು ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ, "ನಕ್ಷೆ ಸರಿಬರಲಿಲ್ಲ ಮಾರಾಯ" ಎನ್ನುತ್ತಿದ್ದರು. ಹಾಗೆ ನೋಡಿದರೆ ಅವರಿಗೆ ಇಷ್ಟವಿಲ್ಲದ ಎಲ್ಲಕ್ಕೂ ಇದೇ ಉತ್ತರ. ಹೊಸ ರಸ್ತೆಯ ನಕ್ಷೆ ಸರಿಬಂದಿರಲಿಲ್ಲ, ಎದುರು ಮನೆಯವರ ಮಗಳ ಮದುವೆಯ ಪೆಂಡಾಲಿನ ನಕ್ಷೆ ಸರಿಬಂದಿರಲಿಲ್ಲ, ನನ್ನ ಕೂದಲು ಕತ್ತರಿಸಿದವನ ನಕ್ಷೆಯಂತೂ ಯಾವತ್ತೂ ಸರಿಬರಲಿಲ್ಲ.

ಮನೆ ನೋಡಲು ಬಂದ ದಿನ ಅವರು ನಮ್ಮಿಬ್ಬರನ್ನು ಜಗಲಿಯ ಮೇಲೆ ಕೂರಿಸಿ, ಗೋಡೆಗೆ ಬೆರಳಿನ ಗೆಣ್ಣಿನಿಂದ ಎರಡು ಸಲ ತಟ್ಟಿ ಮಾತು ಶುರು ಮಾಡಿದರು. ಮುಖ್ಯ ವಿಷಯಕ್ಕೆ ಮೊದಲು ಗೋಡೆ ತಟ್ಟುವುದು ಅವರ ಅಭ್ಯಾಸ.

"ನೀವು ಯಾವ ಜನ ಅಂತ ನಾನು ಕೇಳಲ್ಲ. ಏನು ತಿಂತೀರಿ ಅಂತ್ಲೂ ಕೇಳಲ್ಲ. ನನ್ನ ಮನೆ ಒಲೆ ಮೇಲೆ ಏನಿಡ್ತೀರಿ ಅಂತ ಮಾತ್ರ ಕೇಳ್ತೀನಿ. ಮಾಂಸ ಇಲ್ಲ, ಮೀನಿಲ್ಲ."

"ಮೊಟ್ಟೆ?" ಎಂದಳು ನನ್ನ ಹೆಂಡತಿ.

"ಮೊಟ್ಟೆ ವಿಷಯ ಯೋಚನೆ ಮಾಡಿ ಹೇಳ್ತೀನಿ."

ಅವರು ಯೋಚಿಸುತ್ತಲೇ ಇದ್ದರು, ಕೊನೆಯವರೆಗೂ.

ಹೀಗಾಗಿ ಪ್ರತಿ ಭಾನುವಾರ ನಾವು ಅತ್ತೆಯವರ ಆರೋಗ್ಯ ವಿಚಾರಿಸಲು ಭದ್ರಾವತಿಗೆ ಹೋಗುತ್ತಿದ್ದೆವು. ಅತ್ತೆ ಗುಂಡುಕಲ್ಲಿನಂತಿದ್ದರು. ಆದರೂ ನಾವು ವಿಚಾರಿಸುವುದನ್ನು ಬಿಡಲಿಲ್ಲ. ಮಾವ ಕಾರ್ಖಾನೆಯಲ್ಲಿದ್ದವರು. ಅವರು ತೀರಿಕೊಂಡ ಮೇಲೂ ಅತ್ತೆ ಅದೇ ಬೀದಿಯಲ್ಲಿದ್ದರು, ಮತ್ತು ಆ ಬೀದಿಯಲ್ಲಿ ಭಾನುವಾರ ಮಧ್ಯಾಹ್ನ ಮೀನು ಹುರಿಯದ ಮನೆ ಇರಲಿಲ್ಲ. ಸಂಜೆ ನಾವು ತೃಪ್ತರಾಗಿ, ಕೈಯನ್ನು ಸೋಪಿನಲ್ಲಿ ಚೆನ್ನಾಗಿ ತೊಳೆದುಕೊಂಡು, ಮುಗ್ಧರ ಮುಖ ಹೊತ್ತು ನಮ್ಮ ಬಡಾವಣೆಯಾದ ಗೋಪಾಳಕ್ಕೆ ಮರಳುತ್ತಿದ್ದೆವು.

ಆಗ ಮೆಟ್ಟಿಲ ಬುಡದಲ್ಲಿ ನಂದಿ ಕಾದಿರುತ್ತಿತ್ತು.

ನಂದಿ ಅಂದರೆ ಓನರ ಮೊದಲ ಬೆಕ್ಕು. ಅವರ ಅಣ್ಣನ ಮಗ ಎಲ್ಲಿಂದಲೋ ತಂದು ಕೊಟ್ಟ ಮೇನ್ ಕೂನ್ ಜಾತಿಯ ಮರಿ. ನಮ್ಮ ಬೀದಿ ಬೆಕ್ಕುಗಳನ್ನು ಕಂಡವರು ಆ ಜಾತಿಯನ್ನು ಬೆಕ್ಕೆಂದು ಒಪ್ಪುವುದು ಕಷ್ಟ. ಸಿಂಹದ ಕುತ್ತಿಗೆ, ನರಿಯ ಬಾಲ, ಕಿವಿಯ ತುದಿಯಲ್ಲಿ ಕುಚ್ಚು. ಅದು ದೊಡ್ಡದಾದ ಮೇಲೆ ಓನರು ದೇವರ ಕೋಣೆಯಲ್ಲಿ ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂತಾಗ, ಬಾಗಿಲ ಹೊರಗೆ ಕಾಲು ಮಡಚಿ ಅವರತ್ತಲೇ ಮುಖ ಮಾಡಿ ಮಲಗುತ್ತಿತ್ತು. ಅದನ್ನು ನೋಡಿ ಅಕ್ಕನೇ ನಂದಿ ಎಂದು ಹೆಸರಿಟ್ಟರು.

ನಂದಿಗೆ ಬೆಳಿಗ್ಗೆ ಹಾಲು, ಮಧ್ಯಾಹ್ನ ತುಪ್ಪ ಕಲಸಿದ ಮೊಸರನ್ನ, ರಾತ್ರಿ ಹಾಲಿನಲ್ಲಿ ನೆನೆಸಿದ ಚಪಾತಿ. ಸೋಮವಾರ ಮನೆಯಲ್ಲಿ ಎಲ್ಲರಿಗೂ ಒಪ್ಪತ್ತು, ನಂದಿಗೂ. ಒಮ್ಮೆ ಅದು ಹಲ್ಲಿ ಹಿಡಿದಾಗ ಅಕ್ಕ ಬಾಯಿಗೆ ಕೈಹಾಕಿ ಹಲ್ಲಿಯನ್ನು ಕಿತ್ತು ಎಸೆದು, ನಂದಿಯ ಹಣೆಗೆ ವಿಭೂತಿ ಬಳಿದು ಶುದ್ಧ ಮಾಡಿದ್ದರು. ಮನೆಗೆ ಬಂದ ನೆಂಟರಿಗೆಲ್ಲ ಅದನ್ನು ಕರೆದು ತೋರಿಸುತ್ತಿದ್ದರು. "ಇಷ್ಟು ದೊಡ್ಡ ಜೀವ. ಹುಟ್ಟಿದಾಗಿಂದ ಒಂದು ಚೂರು ಮಾಂಸ ಮುಟ್ಟಿಲ್ಲ. ಎಲ್ಲಾ ತುಪ್ಪದ್ದು" ಎಂದು ಅಕ್ಕ ಹೇಳುವಾಗ ಓನರ ಹಣೆಯ ಮೂರೂ ಗೆರೆಗಳು ಹಿಗ್ಗಿ ಇನ್ನಷ್ಟು ಉದ್ದವಾಗುತ್ತಿದ್ದವು. ನೆಂಟರು ಕೈಮುಗಿಯುವುದೊಂದು ಬಾಕಿ.

ಈ ಶರಣ ಜೀವಿ ಭಾನುವಾರ ಸಂಜೆ ಮಾತ್ರ ಮೆಟ್ಟಿಲ ಬುಡದಲ್ಲಿ ನನಗಾಗಿ ಕಾದಿದ್ದು, ನನ್ನ ಬಲಗೈಯ ಬೆರಳುಗಳನ್ನು ಒಂದೊಂದಾಗಿ ನೆಕ್ಕುತ್ತಿತ್ತು. ಒರಟು ನಾಲಿಗೆ, ಚರ್ಮ ಉರಿಯುತ್ತಿತ್ತು. ಕೈ ಎಳೆದುಕೊಂಡರೆ ಮುಂಗಾಲಿನಿಂದ ಹಿಡಿದು ಮತ್ತೆ ನೆಕ್ಕುತ್ತಿತ್ತು. ನಾನದನ್ನು ನನ್ನ ವ್ಯಕ್ತಿತ್ವದ ಆಕರ್ಷಣೆ ಎಂದುಕೊಂಡಿದ್ದೆ.

ನಾಲ್ಕು ವರ್ಷ ಹೀಗೆ ಹೋಯಿತು. ಒಂದು ಬೇಸಿಗೆಯಲ್ಲಿ ನಂದಿ ಬಾಗಿಲ ಚೌಕಟ್ಟಿಗೆ ಹಣೆ ಹೊಡೆದುಕೊಂಡಿತು. ಮಾರನೆಯ ದಿನ ಕಿಟಕಿಗೆ ಹಾರಲು ಹೋಗಿ ಗೋಡೆಗೆ ಹಾರಿ ಬಿತ್ತು. ಓನರು ಕಿಟಕಿಯ ಎತ್ತರ ಅಳೆದು ನೋಡಿದರು. ಕಿಟಕಿ ಇದ್ದಲ್ಲೇ ಇತ್ತು. ಆಮೇಲೆ ನನ್ನ ಹಳೆಯ ಕಾರಿನಲ್ಲಿ ಪ್ರಾಣಿ ಡಾಕ್ಟರ ಹತ್ತಿರ ಹೋದೆವು.

ಡಾಕ್ಟರು ಕಣ್ಣಿಗೆ ಟಾರ್ಚು ಬಿಟ್ಟರು. ಕಣ್ಣಿನ ಕಪ್ಪು ಬೆಳಕಿಗೂ ಕಿರಿದಾಗಲಿಲ್ಲ, ಅಗಲವಾಗಿಯೇ ಉಳಿಯಿತು. ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ, "ಏನು ಹಾಕ್ತೀರಿ ಇದಕ್ಕೆ?" ಎಂದರು.

ಓನರು ಹೆಮ್ಮೆಯಿಂದಲೇ ಹೇಳಿದರು. ಹಾಲು, ಮೊಸರನ್ನ, ತುಪ್ಪ, ಚಪಾತಿ. ಸೋಮವಾರದ ಒಪ್ಪತ್ತನ್ನೂ ಬಿಡದೆ ಹೇಳಿದರು.

ಡಾಕ್ಟರು ಟಾರ್ಚನ್ನು ಮೇಜಿನ ಮೇಲಿಟ್ಟರು. "ಸರ್, ನೀವು ಬೆಕ್ಕಿಗೆ ದೀಕ್ಷೆ ಕೊಟ್ಟಿದ್ದೀರಿ" ಎಂದರು. ನಗಲಿಲ್ಲ. "ಇದರ ಮೈಗೆ ಬೇಕಾದ ಒಂದು ಸತ್ವ ಮಾಂಸದಲ್ಲಿ ಮಾತ್ರ ಸಿಗೋದು. ನಮಗಾದ್ರೆ ಮೈಯೇ ಮಾಡ್ಕೊಳ್ಳತ್ತೆ, ಬೆಕ್ಕಿಗೆ ಆಗಲ್ಲ. ಅದಿಲ್ದೆ ಕಣ್ಣು ಹೋಗಿದೆ. ಹೃದಯಾನೂ ಹಿಗ್ಗಿದೆ."

"ಮನೇಲಿ ಯಾರೂ ಅದಕ್ಕೆ ಕಡಿಮೆ ಮಾಡಿಲ್ಲ" ಎಂದರು ಓನರು.

"ಅದು ನನಗೆ ಕಾಣ್ತಿದೆ ಸರ್."

ವಾಪಸು ಬರುವಾಗ ನಂದಿ ಅವರ ತೊಡೆಯ ಮೇಲಿತ್ತು. ಓನರು ಹೊರಗೆ ನೋಡುತ್ತಾ ಕೂತಿದ್ದರು. ಮನೆ ಹತ್ತಿರ ಬಂದಾಗ ಕಾರಿನ ಬಾಗಿಲಿಗೆ ಎರಡು ಸಲ ಗೆಣ್ಣಿನಿಂದ ತಟ್ಟಿದರು.

"ಭಾನುವಾರ ಮೀನು ತಿಂದು ಬಂದಾಗೆಲ್ಲ ನಿಮ್ಮ ಕೈ ನೆಕ್ತಿತ್ತಲ್ಲ ಮಾರಾಯ."

"ಹೌದು."

"ನಿಮ್ಮ ಮೇಲೆ ಪ್ರೀತಿ ಅಂದ್ಕೊಂಡಿದ್ದೆ."

"ನಾನೂ ಹಾಗೇ ಅಂದ್ಕೊಂಡಿದ್ದೆ" ಎಂದೆ. ನಮ್ಮ ಭದ್ರಾವತಿ ಯಾತ್ರೆಯ ಉದ್ದೇಶ ಅವರಿಗೆ ಇಷ್ಟು ವರ್ಷವೂ ಗೊತ್ತಿತ್ತು ಎಂಬುದು ನನಗೆ ಗೊತ್ತಾದದ್ದು ಆಗ. ಅದರ ಬಗ್ಗೆ ನಾಚಿಕೊಳ್ಳುವ ಸಮಯ ಅದಾಗಿರಲಿಲ್ಲ.

ಡಾಕ್ಟರು ಔಷಧಿಯ ಜೊತೆ ಬೆಕ್ಕಿನ ತಿನಿಸಿನ ಪ್ಯಾಕೆಟ್ಟನ್ನೂ ಕೊಟ್ಟಿದ್ದರು. ನೋಡಲು ಸಣ್ಣ ಸಣ್ಣ ಬಿಸ್ಕತ್ತು. ಓನರು ಜಗಲಿಯ ಮೇಲೆ ಕೂತು ಅದರ ಬೆನ್ನ ಮೇಲಿನ ಸಣ್ಣ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ಓದಿದರು. ಕೋಳಿ ಎಂದು ಬರೆದಿತ್ತು. ನನ್ನ ಹೆಂಡತಿ ಮೇಲಿನಿಂದ, "ಬಿಸ್ಕತ್ ಅಂದ್ಕೊಂಡು ಹಾಕಿ ಸರ್" ಎಂದಳು.

"ನೋಡೋಕೆ ಬಿಸ್ಕತ್ತಾದ್ರೆ ಮಾಂಸ ಬಿಸ್ಕತ್ತಾಗಲ್ಲ ತಾಯಿ" ಎಂದರು. ಅವರಿಗೆ ತಮಗೆ ತಾವೇ ಸುಳ್ಳು ಹೇಳಿಕೊಳ್ಳುವ ಕಲೆ ಒಲಿದಿರಲಿಲ್ಲ. ನನ್ನಂಥವನಿಗೆ ಅದು ಹುಟ್ಟಿನಿಂದ ಬಂದದ್ದು.

ಅಂದು ಸಂಜೆಯವರೆಗೂ ಪ್ಯಾಕೆಟ್ ಅವರ ತೊಡೆಯ ಮೇಲಿತ್ತು. ಮಾರನೆಯ ಬೆಳಿಗ್ಗೆ ಅದನ್ನು ಒಡೆದು, ಜಗಲಿಯ ಹೊರಗೆ, ಕಾಂಪೌಂಡಿನ ಮೂಲೆಯಲ್ಲಿ ತಟ್ಟೆಗೆ ಸುರಿದರು. ನಂದಿಯನ್ನು ಎತ್ತಿಕೊಂಡು ಹೋಗಿ ಅದರ ಮುಂದೆ ಬಿಟ್ಟರು. ಅದು ಮೂಸಿತು. ತಲೆ ಎತ್ತಿ ಅವರಿದ್ದ ಕಡೆ ತಿರುಗಿತು. ತಿನ್ನುವ ಶಕ್ತಿ ಇರಲಿಲ್ಲ. ಆ ವಾರ ದಾಟಲಿಲ್ಲ. ಹಿತ್ತಲ ಕರಿಬೇವಿನ ಗಿಡದ ಪಕ್ಕ ಹೂಳಿದರು. ಅಕ್ಕ ಆಮೇಲೆ ನೆಂಟರ ಮುಂದೆ ತುಪ್ಪದ ಮಾತೆತ್ತಲಿಲ್ಲ.

ಎರಡು ವರ್ಷ ಆ ಮನೆಯಲ್ಲಿ ಬೆಕ್ಕಿನ ಸೊಲ್ಲಿರಲಿಲ್ಲ. ಆದರೆ ಓನರು ಪೂಜೆಗೆ ಕೂತಾಗ ದೇವರ ಕೋಣೆಯ ಬಾಗಿಲನ್ನು ತೆರೆದೇ ಇಡುತ್ತಿದ್ದರು. ಬಾಗಿಲ ಹೊರಗಿನ ಆ ಜಾಗದಲ್ಲಿ ಯಾರೂ ಕೂರುತ್ತಿರಲಿಲ್ಲ, ಅಕ್ಕ ಸುತ್ತಿ ಬಳಸಿ ನಡೆಯುತ್ತಿದ್ದರು.

ಹೀಗಿರುವಾಗ ನಾನು ಮಾಡಬಾರದ ಕೆಲಸ ಮಾಡಿದೆ. ಸುದ್ದಿ ಹೇಳಿದೆ. ಅತ್ತೆಯ ಪಕ್ಕದ ಮನೆಯ ತಮಿಳಮ್ಮ ಒಂದು ದೊಡ್ಡ ಬೆಕ್ಕು ಸಾಕಿದ್ದರು, ಅದೇ ಜಾತಿ, ಹೆಸರು ದೊರೈ. ಆ ಬೀದಿಗೆಲ್ಲ ಅವರು ತಮಿಳಮ್ಮನೇ. ಅವರ ಮೊಮ್ಮಗುವಿಗೆ ಉಬ್ಬಸ. ಬೆಕ್ಕು ಮನೆಯಲ್ಲಿರಬಾರದೆಂದು ಮಗುವಿನ ಡಾಕ್ಟರು ಹೇಳಿದ್ದರಂತೆ. ದುಡ್ಡಿಲ್ಲದೆ ಹಾಗೆಯೇ ಕೊಡಲು ಸಿದ್ಧರಿದ್ದರು, ಆದರೆ ಯಾರೂ ಮುಂದೆ ಬಂದಿರಲಿಲ್ಲ. ಬರುವ ಭಾನುವಾರ ಮಧ್ಯಾಹ್ನ ಜಾತಿ ಬೆಕ್ಕುಗಳ ವ್ಯಾಪಾರದವನೊಬ್ಬ ವ್ಯಾನಿನಲ್ಲಿ ಬಂದು ಒಯ್ಯುತ್ತಾನೆ, ಮರಿ ಹಾಕಿಸಲು ಪಂಜರದಲ್ಲೇ ಇಡುತ್ತಾನೆ ಎಂದು ಅತ್ತೆ ಹೇಳಿದ್ದರು. ಇದನ್ನು ನಾನು ಓನರಿಗೆ ಹವಾಮಾನ ಹೇಳುವಂತೆ ಹೇಳಿದೆ.

ಅವರ ಹಣೆಯ ನಡುವಿನ ಗೆರೆ ಬಿರುಕು ಬಿಟ್ಟಿತು.

ಆ ವಾರ ಕೆಳಗಿನ ಮನೆಯಲ್ಲಿ ಪಾತ್ರೆಗಳು ಸದ್ದು ಮಾಡುತ್ತಿದ್ದವೇ ಹೊರತು ಮನುಷ್ಯರು ಮಾಡುತ್ತಿರಲಿಲ್ಲ. ಶುಕ್ರವಾರ ಸಂಜೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಓನರು ಮಾತಾಡಬೇಕಿದ್ದರೆ ಕೆಳಗಿನಿಂದ ಕೂಗಿ ನಮ್ಮನ್ನು ಕರೆಸಿಕೊಳ್ಳುವವರು. ತಾವೇ ಮೇಲೆ ಬಂದದ್ದು ಅದೇ ಮೊದಲು. ಕಂಕುಳಲ್ಲಿ ಸುರುಳಿ ಸುತ್ತಿದ ಕಾಗದ.

ನಮ್ಮ ಊಟದ ಮೇಜಿನ ಮೇಲೆ ಅದನ್ನು ಬಿಚ್ಚಿ, ನಾಲ್ಕು ಮೂಲೆಗೂ ಲೋಟ ಇಟ್ಟರು. ಮನೆಯ ನಕ್ಷೆ. ಕೆಳ ಅಂತಸ್ತು, ಮಹಡಿ, ಮೆಟ್ಟಿಲು, ಹಿತ್ತಲು, ಕರಿಬೇವಿನ ಗಿಡ ಸಹಿತ. ಅದರ ಮೇಲೆ ಎರಡು ಬಣ್ಣದ ಗೆರೆಗಳು.

"ಕೆಂಪು ಗೆರೆ ಮೀನು. ನೀಲಿ ಗೆರೆ ಬೆಕ್ಕು" ಎಂದರು. ಅಣೆಕಟ್ಟಿನ ತೂಬು ವಿವರಿಸುವ ಧ್ವನಿ. "ಮೀನು ಹಿಂದಿನ ಗೇಟಿಂದ ಬರತ್ತೆ. ಹಿತ್ತಲಲ್ಲಿ ಬೇರೆ ಒಲೆ, ಬೇರೆ ಪಾತ್ರೆ. ಬೆಕ್ಕು ಅಲ್ಲೇ ತಿನ್ನತ್ತೆ. ಕೆಂಪು ಗೆರೆ ಎಲ್ಲೂ ಅಡುಗೆಮನೆ ಮುಟ್ಟಲ್ಲ, ದೇವರ ಕೋಣೆ ಮುಟ್ಟಲ್ಲ. ನೋಡಿ."

ನೋಡಿದೆ. ಮುಟ್ಟುತ್ತಿರಲಿಲ್ಲ. ನಕ್ಷೆ ಎಂದರೆ ಅದು.

ನನ್ನ ಹೆಂಡತಿ ನೀಲಿ ಗೆರೆಯ ಮೇಲೆ ಬೆರಳಿಟ್ಟಳು. "ತಿಂದಾದ ಮೇಲೆ ಬೆಕ್ಕು ಎಲ್ಲಿಗೆ ಹೋಗತ್ತೆ ಸರ್?"

ನೀಲಿ ಗೆರೆ ಹಿತ್ತಲಿನಿಂದ ಒಳಗೆ ಬಂದು, ಅಡುಗೆಮನೆ ದಾಟಿ, ದೇವರ ಕೋಣೆಯ ಬಾಗಿಲಲ್ಲಿ ನಿಂತಿತ್ತು. ಅಲ್ಲೊಂದು ಸಣ್ಣ ವೃತ್ತ ಬರೆದು ಅಳಿಸಿದ್ದರು. ಅಳಿಸಿದ ಗುರುತು ಉಳಿದಿತ್ತು.

"ಅಲ್ಲೇ ತೊಡಕು" ಎಂದರು. "ಬಾಯಿ ತೊಳೆಸೋಕಾಗತ್ತಾ ಬೆಕ್ಕಿಗೆ? ಹೋಗ್ಲಿ, ಅದನ್ನೂ ಬಿಡಿ." ಅಂಗಿಯ ಮೇಲಿನಿಂದಲೇ ಎದೆಯ ಮೇಲೆ ತೂಗುತ್ತಿದ್ದ ಲಿಂಗದ ಬೆಳ್ಳಿ ಕರಡಿಗೆಯನ್ನು ಮುಟ್ಟಿಕೊಂಡರು. "ಗುಡಿಯಲ್ಲಿರೋ ದೇವರಾದ್ರೆ ಬಾಗಿಲು ಹಾಕಬಹುದಿತ್ತು. ಇದು ಮೈ ಮೇಲೇ ಇದೆ. ಮೀನು ಹಾಕೋ ಕೈ ನಂದೇ, ಲಿಂಗ ಇಡೋ ಕೈಯೂ ನಂದೇ. ಎಷ್ಟು ಸಲ ಬರೆದ್ರೂ ಬೆಕ್ಕಿಗೆ ಜಾಗ ಸಿಗತ್ತೆ ಮಾರಾಯ, ನನಗೆ ಸಿಗಲ್ಲ."

"ಅಕ್ಕ ಏನಂತಾರೆ?" ಎಂದೆ.

ಅವರು ಉತ್ತರ ಕೊಡುವ ಮೊದಲೇ ಮೆಟ್ಟಿಲ ಬುಡದಿಂದ ಅಕ್ಕನ ಧ್ವನಿ ಬಂತು. "ಅಕ್ಕನ್ನ ಕೇಳಿದ್ರೆ ಅಕ್ಕ ಹೇಳ್ತಾಳೆ. ಕೇಳಿದವರು ಯಾರು?"

ಓನರು ಲೋಟಗಳನ್ನು ಸರಿಸಿ ನಕ್ಷೆ ಸುತ್ತಿಕೊಂಡರು. ಹೋಗುವಾಗ ಬಾಗಿಲಲ್ಲಿ ನಿಂತು, "ಭಾನುವಾರ ನಿಮ್ಮ ಕಾರಲ್ಲಿ ಜಾಗ ಇದ್ಯಾ? ನೋಡೋದಕ್ಕೆ. ಬರೀ ನೋಡೋದಕ್ಕೆ" ಎಂದರು.

ಭಾನುವಾರ ಕಾರಿನ ಹತ್ತಿರ ಬಂದರೆ ಹಿಂದಿನ ಸೀಟಿನಲ್ಲಿ ಅಕ್ಕ ಕೂತಿದ್ದರು. ಇಳಕಲ್ ಸೀರೆ, ಕೈಚೀಲ, ನೀರಿನ ಬಾಟಲಿ. ಬೇರೆಯವರ ಮನೆಯಲ್ಲಿ ಅವರು ನೀರೂ ಮುಟ್ಟುವವರಲ್ಲ. ದಾರಿಯುದ್ದಕ್ಕೂ ನನ್ನ ಹೆಂಡತಿ ಕಿಟಕಿಯ ಗಾಜು ಇಳಿಸುವುದು, ಏರಿಸುವುದು ಮಾಡಿದಳು. ಓನರು ಮುಂದಿನ ಸೀಟಿನಲ್ಲಿ ಗಡಿಯಾರ ನೋಡಿಕೊಳ್ಳುತ್ತಿದ್ದರು. ಲಾರಿಯೊಂದು ದಾರಿ ಬಿಡದೆ ಸತಾಯಿಸಿದಾಗ, "ಒಂದಿಡೀ ದಿನ ಹಾಳು ಮಾಡಿದೆ ಆವತ್ತು" ಎಂದರು. ಲಾರಿಗಲ್ಲ ಹೇಳಿದ್ದು.

ತಮಿಳಮ್ಮನ ಮನೆ ಬಾಗಿಲು ತೆರೆದಿತ್ತು. ಒಳಗಿನಿಂದ ಮೀನಿನ ವಾಸನೆ ನಮ್ಮನ್ನು ಹೆಸರು ಹಿಡಿದು ಕರೆಯುವಂತಿತ್ತು, ಅಂದರೆ ನನ್ನನ್ನು ಮತ್ತು ನನ್ನ ಹೆಂಡತಿಯನ್ನು. ಓನರು ಹೊಸ್ತಿಲ ಹೊರಗೇ ನಿಂತರು. ಅಕ್ಕ ಸೆರಗನ್ನು ಮೂಗಿಗೆ ಒತ್ತಿಕೊಂಡು, ಚಪ್ಪಲಿ ಬಿಟ್ಟು, ನೇರವಾಗಿ ಒಳಗೆ ಹೋದರು.

ನಡುಮನೆಯಲ್ಲಿ ದೊರೈ ಊಟ ಮಾಡುತ್ತಿತ್ತು. ಬೂದು ಬಣ್ಣ, ನಂದಿಗಿಂತ ಎದೆ ಅಗಲ. ಬೇಯಿಸಿದ ಮೀನನ್ನು ಎರಡೂ ಮುಂಗಾಲಿನಿಂದ ಒತ್ತಿಹಿಡಿದು, ಗಂಟಲಲ್ಲಿ ಗುರುಗುಟ್ಟುತ್ತಾ, ಕಿವಿ ಹಿಂದಕ್ಕೆ ಮಾಡಿ ತಿನ್ನುತ್ತಿತ್ತು. ಅಕ್ಕ ಅದರ ಮುಂದೆ ನಿಂತು ಕೊನೆಯ ಚೂರಿನವರೆಗೂ ನೋಡಿದರು. ತಟ್ಟೆ ನೆಕ್ಕಿ ಮುಗಿದ ಮೇಲೆ ಬಾಗಿಲ ಕಡೆ ತಿರುಗದೆಯೇ ಕೇಳಿದರು:

"ನಂದಿ ಯಾವತ್ತಾದ್ರೂ ಹೀಗೆ ಉಂಡಿತ್ತೇನೋ?"

"ಇಲ್ಲ ಅಕ್ಕ" ಎಂದರು ಓನರು ಹೊರಗಿನಿಂದ.

ತಮಿಳಮ್ಮ ಅಡುಗೆಮನೆಯಿಂದ ಬಂದು ಅಕ್ಕನ ಹಣೆ ನೋಡಿದರು. ಹೊರಗೆ ನಿಂತವರ ಹಣೆ ನೋಡಿದರು. ಅವರ ಮುಖ ಬಿಗಿಯಾಯಿತು.

"ಸಾರ್ ಸೈವಂ ಅಲ್ವಾ?" ಎಂದು ನನ್ನ ಹೆಂಡತಿಯನ್ನು ಕೇಳಿದರು. ಸಸ್ಯಾಹಾರಿಗಳಿಗೆ ಅವರ ಮಾತು ಅದು. "ಏನಮ್ಮ ನೀನು? ಸೈವಂ ಮನೆಗೆ ದೊರೈ ಕೊಡು ಅಂತೀಯಾ? ಅವರು ಸಾಂಬಾರ್ ಅನ್ನ ಹಾಕಿ ಸಾಯಿಸ್ತಾರೆ. ನಾನು ಕೊಡಲ್ಲ. ಗಾಡಿ ಅವನು ಬರ್ತಾನೆ, ಅವನ ಜೊತೆ ಹೋಗ್ಲಿ. ಗೂಡಲ್ಲಿದ್ರೂ ಕೋಳಿ ಆದ್ರೂ ಹಾಕ್ತಾನೆ."

"ಇಲ್ಲ ಅಮ್ಮ, ಇವರು ಬಹಳ ಒಳ್ಳೆಯವರು" ಎಂದಳು ನನ್ನ ಹೆಂಡತಿ.

"ಒಳ್ಳೆಯವರು ಬೇಡ. ಮೀನು ಹಾಕೋವ್ರು ಬೇಕು."

ನಾನು ಓನರ ಪಕ್ಕಕ್ಕೆ ಹೋಗಿ ಮೆಲ್ಲಗೆ, "ಹಾಕ್ತೀನಿ ಅಂದ್ಬಿಡಿ ಸರ್. ಹಿಂದಿನದ್ದೇನೂ ಹೇಳೋಕೆ ಹೋಗ್ಬೇಡಿ" ಎಂದೆ. ಗಡಿಯಾರ ಮಧ್ಯಾಹ್ನದ ಹತ್ತಿರ ಬಂದಿತ್ತು. ವ್ಯಾಪಾರದವನು ಯಾವ ಗಳಿಗೆಯಲ್ಲೂ ಬರಬಹುದಿತ್ತು.

ಓನರು ಬಾಗಿಲ ಚೌಕಟ್ಟಿಗೆ ಎರಡು ಸಲ ತಟ್ಟಿದರು. ಮುಗಿಯಿತು ಎಂದುಕೊಂಡೆ.

"ಅಮ್ಮಾ, ನೀವು ಹೇಳಿದ್ದು ಸರಿ" ಎಂದರು. "ನಮ್ಮನೇಲಿ ಇಂಥದೇ ಒಂದಿತ್ತು. ಮೊಸರನ್ನ ಹಾಕಿದ್ವಿ. ಸೋಮವಾರ ಉಪವಾಸ ಕೆಡವಿದ್ವಿ. ಕಣ್ಣು ಹೋಯ್ತು, ಆಮೇಲೆ ಅದೇ ಹೋಯ್ತು. ಅಲ್ಲಿವರೆಗೆ ಗೊತ್ತಿರ್ಲಿಲ್ಲ ಅನ್ನಬಹುದು. ಆದ್ರೆ ಡಾಕ್ಟರು ಹೇಳಿ, ತಿನಿಸು ಕೈಗೆ ಕೊಟ್ಟ ಮೇಲೂ ಒಂದಿಡೀ ದಿನ ನಾನು ಅದನ್ನ ತೊಡೆ ಮೇಲಿಟ್ಕೊಂಡು ಯೋಚನೆ ಮಾಡಿದೆ. ಅದು ಪಕ್ಕದಲ್ಲೇ ಮಲಗಿತ್ತು."

ಅಕ್ಕ ಸೆರಗನ್ನು ಮೂಗಿನಿಂದ ತೆಗೆದರು. "ಆ ತಿನಿಸನ್ನ ಒಳಗೆ ತಂದ್ರೆ ನಾನು ಮನೇಲಿ ಇರಲ್ಲ ಅಂದಿದ್ದು ನಾನು. ಅವನು ಅದನ್ನ ಯಾರಿಗೂ ಹೇಳಿಲ್ಲ. ಇವತ್ತೂ ಹೇಳ್ತಿಲ್ಲ ನೋಡಿ."

ತಮಿಳಮ್ಮ ಇಬ್ಬರನ್ನೂ ನೋಡಿದರು. ಮೆತ್ತಗೆ, "ಹಾಗಾದ್ರೆ ಈಗ ಯಾರು ಹಾಕ್ತಾರೆ ಸಾರ್? ನೀವು ಹಾಕ್ತೀರಾ?" ಎಂದರು.

ಓನರು ತಮ್ಮ ಬಲಗೈಯನ್ನು ನೋಡಿಕೊಂಡರು. ಹೌದು ಎಂದರೆ ಬೆಕ್ಕು ಅವರದು. ಅದಕ್ಕಾಗಿಯೇ ಬಂದಿದ್ದರು, ಬರೀ ನೋಡುವುದಕ್ಕಲ್ಲ. ನಕ್ಷೆಯ ಸುರುಳಿ ಅವರ ಕಂಕುಳಲ್ಲೇ ಇತ್ತು.

"ಮೂರು ದಿನ ಹಾಕ್ತೀನಿ ಅಮ್ಮ" ಎಂದರು. "ನಾಲ್ಕನೇ ದಿನ ಅರ್ಧ ಮಾಡ್ತೀನಿ. ಹಬ್ಬ ಬಂತು, ಶ್ರಾವಣ ಬಂತು ಅಂತೀನಿ. ನನ್ನ ಕೈ ನನಗೆ ಗೊತ್ತು."

ಬೀದಿಯ ತುದಿಯಲ್ಲಿ ವ್ಯಾನಿನ ಹಾರನ್ ಕೇಳಿಸಿತು. ದೊರೈ ಕಿವಿ ನಿಮಿರಿಸಿ, ಅಕ್ಕನ ಸೀರೆಯ ಅಂಚಿಗೆ ಬೆನ್ನು ಉಜ್ಜಿತು. ಅಕ್ಕ ಕಾಲು ಹಿಂದೆಗೆಯಲಿಲ್ಲ.

"ನಮ್ಮ ಮಹಡಿಯಲ್ಲಿರಲಿ" ಎಂದಳು ನನ್ನ ಹೆಂಡತಿ. ನನ್ನನ್ನು ಕೇಳಲಿಲ್ಲ. ನನಗೆ ಬೆಕ್ಕೆಂದರೆ ಅಷ್ಟಕ್ಕಷ್ಟೇ ಎಂಬುದು ಅವಳಿಗೆ ಗೊತ್ತಿರುವ ವಿಷಯ. "ಮೀನು ನಾನು ಹಾಕ್ತೀನಿ. ದಿನಾ ಹಾಕ್ತೀನಿ."

"ನಿನ್ನ ಮೀನಿನ ಕೈ ನನಗೆ ಗೊತ್ತು" ಎಂದರು ತಮಿಳಮ್ಮ. "ಆದ್ರೆ ಅದು ಸಾರ್ ಮನೆ ಒಲೆ ತಾನೆ?"

ಎಲ್ಲರೂ ಓನರ ಕಡೆ ನೋಡಿದೆವು. ವ್ಯಾನು ಹತ್ತಿರ ಬರುವ ಸದ್ದು, ಗೇರು ಬದಲಿಸಿದ ಸದ್ದು. ನಡುವಿನ ಗೆರೆ ಬಿರುಕು ಬಿಟ್ಟಿತು, ಆಮೇಲೆ ಮೇಲಿನದು, ಆಮೇಲೆ ಕೆಳಗಿನದು. ಮೂರೂ ಬಿರಿದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅವರು ಕರವಸ್ತ್ರ ತೆಗೆದು ಹಣೆಯ ಬೆವರು ಒರೆಸಿಕೊಂಡರು. ಗೆರೆಗಳು ಅಳಿಸಿಹೋದವು.

"ಬೆಕ್ಕಿಗೆ ಮಾತ್ರ" ಎಂದರು.

"ಆಯ್ತು ಸರ್."

"ನಿಮಗಲ್ಲ."

"ಆಯ್ತು ಅಂದ್ನಲ್ಲ ಸರ್."

"ಅದು ಕೆಳಗೆ ಬರಬಾರದು. ಬಂದು ಕಾಲು ಸುತ್ತಿದ್ರೆ ನಾನು ಮೊಸರನ್ನ ಹಾಕಿಬಿಡ್ತೀನಿ. ಮೆಟ್ಟಿಲಿಗೆ ಜಾಲರಿ ಬಾಗಿಲು ಮಾಡಿಸ್ತೀನಿ." ಆಗಲೇ ನಕ್ಷೆ ಬಿಚ್ಚಿ, ಬಾಗಿಲ ಚೌಕಟ್ಟಿಗೆ ಒತ್ತಿ ಹಿಡಿದು, ಪೆನ್ಸಿಲಿನಿಂದ ಮೆಟ್ಟಿಲ ತಿರುವಿನಲ್ಲಿ ಒಂದು ಅಡ್ಡಗೆರೆ ಎಳೆದರು. ನೀಲಿ ಗೆರೆ ಅಲ್ಲಿಗೆ ನಿಂತಿತು.

ವ್ಯಾಪಾರದವನನ್ನು ತಮಿಳಮ್ಮ ಎರಡೇ ಮಾತಿನಲ್ಲಿ ವಾಪಸು ಕಳಿಸಿದರು. ಆ ಎರಡು ಮಾತುಗಳನ್ನು ಇಲ್ಲಿ ಬರೆಯಲಾರೆ.

ಅಂದಿನಿಂದ ಗೋಪಾಳದ ಆ ಮನೆಯಲ್ಲಿ ಮೀನು ತಿನ್ನುವ ಹಕ್ಕು ಇರುವುದು ಒಬ್ಬನಿಗೆ. ಮಹಡಿಯಲ್ಲಿ ದೊರೈಗಾಗಿ ಮೀನು ಬೇಯುವಾಗ ನಾನು ಪಕ್ಕದಲ್ಲಿ ಕೂತು ಹುರುಳಿಕಾಯಿ ಪಲ್ಯ ತಿನ್ನುತ್ತೇನೆ. ಭಾನುವಾರ ಎಂದಿನಂತೆ ಅತ್ತೆಯ ಆರೋಗ್ಯ ವಿಚಾರಿಸಲು ಹೋಗುತ್ತೇವೆ. ಹೆಂಡತಿ ಒಮ್ಮೆಯೂ ಮಾತು ತಪ್ಪಲಿಲ್ಲ. ನಾನೊಮ್ಮೆ ಒಂದು ತುಂಡಿಗೆ ಕೈ ಚಾಚಿದಾಗ, "ಬೆಕ್ಕಿಗೆ ಮಾತ್ರ ಅಂದಿದ್ದಾರೆ" ಎಂದು ಸೌಟು ಎತ್ತಿದ್ದಳು.

ಓನರು ಪ್ರತಿ ಸಂಜೆ ಲಿಂಗಪೂಜೆ ಮುಗಿಸಿ, ದೊರೈಗೆ ತಟ್ಟೆ ಇಡುವ ಹೊತ್ತಿಗೆ ಸರಿಯಾಗಿ ಮೆಟ್ಟಿಲೇರಿ ಬಂದು, ಜಾಲರಿಯ ಆಚೆ ಕೆಳಗಿನ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಅದು ತಿಂದು ಮುಗಿಸುವವರೆಗೆ ಕದಲುತ್ತಿರಲಿಲ್ಲ. "ಇವತ್ತು ಬಾಲದ ಕಡೆಯಿಂದ ಶುರು ಮಾಡಿದ ನೋಡಿ" ಎಂದೋ, "ಮುಳ್ಳು ತೆಗೆದಿದ್ದೀರಲ್ಲ ಮಾರಾಯ್ತಿ?" ಎಂದೋ ಒಂದು ಮಾತು. ಕೆಲವೊಮ್ಮೆ ಜಾಲರಿಯ ಕಿಂಡಿಯಲ್ಲಿ ಬೆರಳು ತೂರಿಸುತ್ತಿದ್ದರು. ದೊರೈ ಬಂದು ಮೂಸಿ, ವಿಭೂತಿಯ ವಾಸನೆಯನ್ನು ಬಿಟ್ಟು ಬೇರೇನೂ ಸಿಗದೆ, ನನ್ನ ಹೆಂಡತಿಯ ಕಡೆ ಹೊರಟುಹೋಗುತ್ತಿತ್ತು. ಅವರು ಬೆರಳನ್ನು ಹಿಂದೆ ತೆಗೆದುಕೊಳ್ಳುತ್ತಿದ್ದರು. "ಬುದ್ಧಿವಂತ" ಎನ್ನುತ್ತಿದ್ದರು. ಜಾಲರಿಯ ಚಿಲಕ ಇದ್ದದ್ದು ಅವರ ಕಡೆಗೆ. ಒಂದು ದಿನವೂ ತೆಗೆಯಲಿಲ್ಲ.

ಬೇಡವೆನ್ನುವುದು ಬೇಕಾದವರಿಗೆ ಎಷ್ಟು ಕಷ್ಟವೆಂದು ನಾನು ಕಲಿತದ್ದು ಆ ಮೆಟ್ಟಿಲ ಮೇಲೆ ಕೂತವರ ಮುಖ ನೋಡಿ. ಇದನ್ನು ಅವರಿಗೆ ಹೇಳಿದ್ದರೆ ನಕ್ಷೆ ಸರಿಬರಲಿಲ್ಲ ಎನ್ನುತ್ತಿದ್ದರು.

ಹೋದ ಚಳಿಗಾಲದಲ್ಲಿ ಓನರು ತೀರಿಕೊಂಡರು. ಸಂಜೆ ಕೂತೆದ್ದು ಹೋದವರು ಬೆಳಿಗ್ಗೆ ಏಳಲಿಲ್ಲ. ಅವರ ಪದ್ಧತಿಯಂತೆ ಕೂರಿಸಿ, ಹೂ ಹಾಕಿ, ವಿಭೂತಿ ಹಚ್ಚಿದ್ದರು. ಗೆರೆಗಳನ್ನು ಬೇರೆ ಯಾರೋ ಎಳೆದಿದ್ದರು, ಓರೆಯಾಗಿದ್ದವು. ಅಕ್ಕ ಎದ್ದು ಬಂದು ಒದ್ದೆ ಬಟ್ಟೆಯಿಂದ ಒರೆಸಿ, ತಾವೇ ಮತ್ತೆ ಎಳೆದರು. ಅವೂ ಓರೆಯಾದವು. ಹಾಗೇ ಬಿಟ್ಟರು.

ಈಗ ಸಂಜೆ ಜಾಲರಿಯ ಆಚೆ ಅಕ್ಕ ಬಂದು ಕೂರುತ್ತಾರೆ. ಮೂಗಿಗೆ ಸೆರಗು ಹಿಡಿಯುವುದಿಲ್ಲ. ಮೊಟ್ಟೆಯ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಹೋದ ವಾರ ಅದೇ ಡಾಕ್ಟರು ದೊರೈಯ ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರು. ಎರಡೂ ಕಣ್ಣು ಕಾಣುತ್ತವೆ.